“ತಂಬಾಕು ಇಲ್ಲೆ ಕೂಸೆ, ಬರೀ ಕವಳ”: ಚಟವನ್ನು ಅಧ್ಯಯನ ಮಾಡುವವರು ನಿಜಕ್ಕೂ ಏನು ಮಾಡುತ್ತಾರೆ?

ಶಿರಸಿ ಕಡೆಯ ಒಂದು ಹಳ್ಳಿ ಮನೆ. ಮಧ್ಯಾಹ್ನ ಊಟ ಮುಗಿದ ಹೊತ್ತು. ಜಗುಲಿಯಲ್ಲಿ ಅಜ್ಜಿ ಕೂತಿದ್ದರು, ಪಕ್ಕದಲ್ಲಿ ಕವಳದ, ಅಂದರೆ ಎಲೆ ಅಡಿಕೆಯ, ಹಿತ್ತಾಳೆ ತಬಕು. ನಾನು ಆಗ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೆ. ಕೈಯಲ್ಲಿ ಪ್ರಶ್ನಾವಳಿ. “ನೀವು ತಂಬಾಕು ಬಳಸುತ್ತೀರಾ?” ಅಂತ ಕೇಳಿದೆ. ಅಜ್ಜಿ ನಕ್ಕರು. “ತಂಬಾಕು ಎಲ್ಲ ಇಲ್ಲೆ ಕೂಸೆ, ಬರೀ ಕವಳ.”

ನಾನು “ಇಲ್ಲ” ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಹಾಕಿ ತಲೆ ಎತ್ತುವಷ್ಟರಲ್ಲಿ ಅವರು ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ಬೆರಳಲ್ಲಿ ಸುಣ್ಣ ಸವರಿ, ಅಡಿಕೆ ಹೋಳಿಟ್ಟು, ಕೊನೆಗೆ ತಬಕಿನ ಮೂಲೆಯಲ್ಲಿದ್ದ ಚಿಕ್ಕ ಡಬ್ಬಿ ತೆರೆದು ಕಪ್ಪು ಎಸಳಿನ ಒಂದು ಚೂರು ಮುರಿದು ಮೇಲಿಟ್ಟು, ಎಲ್ಲವನ್ನೂ ಮಡಚಿ ಬಾಯಿಗೆ ಹಾಕಿಕೊಂಡರು. ಎಸಳು ಅಂದರೆ ಹೊಗೆಸೊಪ್ಪು. ತಂಬಾಕೇ.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ತಂಬಾಕು ಅಂದರೆ ಬೀಡಿ, ಸಿಗರೇಟು, ಗಂಡಸರು ಅಂಗಡಿ ಕಟ್ಟೆಯಲ್ಲಿ ಕೂತು ಮಾಡುವ ಕೆಲಸ. ಕವಳ ಅಂದರೆ ಮನೆತನ, ಮರ್ಯಾದೆ, ಬಂದವರಿಗೆ ಮೊದಲು ಮುಂದಿಡುವ ತಬಕು. ತಪ್ಪಿದ್ದು ನನ್ನ ಪ್ರಶ್ನೆ. ಚಟ, ಸಂಸ್ಕೃತಿ, ಆರೋಗ್ಯ ಈ ಮೂರನ್ನೂ ಸೇರಿಸಿ ಅಧ್ಯಯನ ಮಾಡುವ ಸಮಾಜ ಸಂಶೋಧಕರ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಈ ತಬಕಿನ ಕಥೆಯಿಂದಲೇ ಶುರು ಮಾಡುತ್ತೇನೆ. ಸರಿಯಾದ ಪ್ರಶ್ನೆ ಹುಡುಕುವುದರಲ್ಲೇ ಅವರ ಅರ್ಧ ಜೀವನ ಹೋಗುತ್ತದೆ.

ರಾಷ್ಟ್ರಮಟ್ಟದ ದೊಡ್ಡ ತಂಬಾಕು ಸಮೀಕ್ಷೆಗಳು ಈ ಪಾಠವನ್ನು ಆಗಲೇ ಕಲಿತಿವೆ. 2016–17ರ ಗ್ಲೋಬಲ್ ಅಡಲ್ಟ್ ಟೊಬ್ಯಾಕೊ ಸರ್ವೆಯಲ್ಲಿ ಸುಮ್ನೆ “ತಂಬಾಕು ಇದೆಯಾ” ಅಂತ ಕೇಳಿ ಬಿಡುವುದಿಲ್ಲ. ತಂಬಾಕು ಹಾಕಿದ ಎಲೆ ಅಡಿಕೆ, ಗುಟ್ಕಾ, ಖೈನಿ, ಬೀಡಿ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳುತ್ತಾರೆ. ಹಾಗೆ ಕೇಳಿದ್ದಕ್ಕೇ ಗೊತ್ತಾಗಿದ್ದು, ನಮ್ಮ ದೇಶದಲ್ಲಿ ಸೇದುವವರಿಗಿಂತ ಜಗಿಯುವವರು ಜಾಸ್ತಿ ಅಂತ: ವಯಸ್ಕರಲ್ಲಿ ಸೇದುವವರು ಶೇ 10.7, ಹೊಗೆ ಇಲ್ಲದ ತಂಬಾಕು ಬಳಸುವವರು ಶೇ 21.4.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಚಟ ಅಂದರೆ ಏನು ಅಂತ ಕೇಳಿದರೆ ನಮ್ಮಲ್ಲಿ ಎರಡೇ ಉತ್ತರ ಸಿಗುತ್ತದೆ. ಒಂದು, ಅದು ಆ ಮನುಷ್ಯನ ಮನಸ್ಸಿನ ದೌರ್ಬಲ್ಯ. ಇನ್ನೊಂದು, ಅದು ಆ ವಸ್ತುವಿನ ಶಕ್ತಿ, ಒಮ್ಮೆ ಹಿಡಿದರೆ ಬಿಡದು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಈ ಎರಡರಿಂದಲೂ ಅರ್ಥವಾಗದ ಸಂಗತಿಗಳನ್ನು ಸಂಶೋಧಕರು ಒಂದೊಂದಾಗಿ ಎದುರಿಗೆ ತಂದಿಟ್ಟರು.

1950ರ ಸುಮಾರಿಗೆ ಜಿ. ಎಂ. ಕಾರ್‌ಸ್ಟೇರ್ಸ್ ಎಂಬ ಮನೋವೈದ್ಯ ರಾಜಸ್ಥಾನದ ಒಂದು ಊರಿನಲ್ಲಿ ವಾಸವಿದ್ದು ನೋಡಿದರು. ಅಲ್ಲಿ ರಜಪೂತರು ದಾರು, ಅಂದರೆ ಮದ್ಯ, ಕುಡಿಯುತ್ತಿದ್ದರು, ಬ್ರಾಹ್ಮಣರು ಭಂಗಿ ಸೇವಿಸುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಹೇಸಿಗೆ. ಶೌರ್ಯ, ರೋಷ, ಗಂಡಸುತನವನ್ನು ದೊಡ್ಡದು ಅಂದುಕೊಂಡವರಿಗೆ ದಾರು ಒಗ್ಗಿತು. ಸಂಯಮ, ವಿರಕ್ತಿಯನ್ನು ದೊಡ್ಡದು ಅಂದುಕೊಂಡವರಿಗೆ ಭಂಗಿ ಒಗ್ಗಿತು. ಅಮಲು ಬೇಕು ಅನ್ನುವುದು ಇಬ್ಬರಿಗೂ ಇತ್ತು, ಯಾವ ಅಮಲು ಅನ್ನುವುದನ್ನು ನಿರ್ಧರಿಸಿದ್ದು ಅವರು ಬೆಳೆದ ರೀತಿ. 1954ರಲ್ಲಿ ಪ್ರಕಟವಾದ ಆ ಬರಹವನ್ನು ಇವತ್ತಿಗೂ ಓದುತ್ತಾರೆ.

ಅದೇ ದಶಕದಲ್ಲಿ ಡ್ವೈಟ್ ಹೀತ್ ಎಂಬ ಮಾನವಶಾಸ್ತ್ರಜ್ಞ ಬೊಲಿವಿಯಾದ ಕಾಂಬಾ ಜನರ ನಡುವೆ ಇದ್ದು ಬಂದರು. ಆ ಜನ ಕುಡಿಯುತ್ತಿದ್ದ ಕಬ್ಬಿನ ಮದ್ಯವನ್ನು ಪರೀಕ್ಷೆ ಮಾಡಿಸಿದರೆ ಶೇ 89 ಮದ್ಯಸಾರ! ನಮ್ಮ ಅಂಗಡಿ ವಿಸ್ಕಿಯ ಎರಡರಷ್ಟು. ಹಬ್ಬ ಹರಿದಿನ, ವಾರಾಂತ್ಯ ಬಂತೆಂದರೆ ಗುಂಪಾಗಿ ಕೂತು ಪ್ರಜ್ಞೆ ತಪ್ಪುವವರೆಗೂ ಕುಡಿಯುತ್ತಿದ್ದರು. ಆದರೆ ಹೊಡೆದಾಟ ಇಲ್ಲ, ಬೈದಾಟ ಇಲ್ಲ, ಒಬ್ಬೊಬ್ಬರೇ ಕುಡಿಯುವುದು ಇಲ್ಲ, ನಮ್ಮಲ್ಲಿ “ಕುಡುಕ” ಅನ್ನುತ್ತೇವಲ್ಲ ಅಂಥವರೂ ಕಾಣಲಿಲ್ಲ. ಕುಡಿದವನು ಹೆಂಡತಿಗೆ ಹೊಡೆಯುವುದು ಮದ್ಯದ ಗುಣ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಹಾಗಿದ್ದರೆ ಅಷ್ಟು ಕಟುವಾದದ್ದನ್ನು ಕುಡಿದ ಕಾಂಬಾ ಜನ ಯಾಕೆ ಹೊಡೆದಾಡಲಿಲ್ಲ? ಕುಡಿದಾಗ ಹೇಗೆ ನಡೆದುಕೊಳ್ಳಬಹುದು ಅನ್ನುವುದನ್ನೂ ಊರು ಕಲಿಸುತ್ತದೆ. ಕುಡಿದು ಹೊಡೆದರೆ “ಪಾಪ, ಅಮಲಿನಲ್ಲಿದ್ದ” ಅಂತ ಕ್ಷಮಿಸುವ ಊರಿನಲ್ಲಿ ಹೊಡೆಯುವವರು ಜಾಸ್ತಿ ಆಗುತ್ತಾರೆ ಅಂತ ನನಗೆ ಬಲವಾಗಿ ಅನಿಸುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಲೀ ರಾಬಿನ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆಯ ಕೆಲಸ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರಿಗೆ ಅಲ್ಲಿ ಹೆರಾಯಿನ್ ಸುಲಭವಾಗಿ, ಅಗ್ಗವಾಗಿ ಸಿಗುತ್ತಿತ್ತು. ರಾಬಿನ್ಸ್ 1971ರಲ್ಲಿ ವಾಪಸಾದ ಸೈನಿಕರನ್ನು ಹುಡುಕಿ ಹುಡುಕಿ ಮಾತಾಡಿಸಿದರು. ಸುಮಾರು ಐವರಲ್ಲಿ ಒಬ್ಬರು ಅಲ್ಲಿದ್ದಾಗ ಚಟಕ್ಕೆ ಬಿದ್ದಿದ್ದರು. ಇವರೆಲ್ಲ ಊರಿಗೆ ಬಂದು ಏನು ಮಾಡುತ್ತಾರೋ ಅಂತ ಸರ್ಕಾರಕ್ಕೆ ದಿಗಿಲು. ಆದರೆ ಹಾಗೆ ಚಟಕ್ಕೆ ಬಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಮರಳಿದವರು ಶೇ 5ರಷ್ಟು, ಮೂರು ವರ್ಷದಲ್ಲಿ ಶೇ 12ರಷ್ಟು ಮಾತ್ರ. ಯುದ್ಧ ಹೋಯಿತು, ಆ ಗೆಳೆಯರ ಗುಂಪು ಹೋಯಿತು, ಆ ಹೆದರಿಕೆ, ಆ ಬೇಸರ ಎಲ್ಲ ಹೋಯಿತು, ಮನೆ ಸಿಕ್ಕಿತು. ಬಹುಪಾಲು ಜನರಲ್ಲಿ ಚಟವೂ ಹೋಯಿತು. ದೇಹದ ಪಾಲು ಇಲ್ಲ ಅಂತ ಇದರ ಅರ್ಥ ಅಲ್ಲ, ಮಿದುಳು ಬದಲಾಗುವುದು ನಿಜ, ವಂಶದಿಂದ ಬರುವುದೂ ಉಂಟು. ಆದರೆ ಸುತ್ತಲಿನ ಬದುಕನ್ನು ಬಿಟ್ಟು ಬರೀ ಮನುಷ್ಯನನ್ನು ನೋಡಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ.

ಇದೆಲ್ಲ ದೂರದ ಮಾತಾಯಿತು. ನಮ್ಮ ಪಕ್ಕದಲ್ಲೇ ನಡೆದ ಒಂದು ಕೆಲಸ ಹೇಳುತ್ತೇನೆ. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ 1970ರ ದಶಕದಲ್ಲಿ ದಕ್ಷಿಣ ಕನ್ನಡಕ್ಕೆ ಬಂದು ಹಳ್ಳಿಗಳಲ್ಲಿ ಇದ್ದರು. ಮುಂದೆ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅವರ 1981ರ ಪ್ರಸಿದ್ಧ ಬರಹ ಅಲ್ಲಿನ ಹವ್ಯಕ ಹೆಂಗಸರ ಬಗ್ಗೆ. ಬಾಯಿಬಿಟ್ಟು “ನನಗೆ ಕಷ್ಟ ಆಗ್ತಿದೆ” ಅಂತ ಹೇಳಲಾಗದ ಹೆಂಗಸು ಆ ಕಷ್ಟವನ್ನು ಬೇರೆ ಯಾವುದರಲ್ಲಿ ಹೇಳುತ್ತಾಳೆ? ಊಟ ಬಿಡುವುದರಲ್ಲಿ, ಸೊರಗುವುದರಲ್ಲಿ, ಮಡಿ ಮೈಲಿಗೆಯ ಅತಿ ಕಾಳಜಿಯಲ್ಲಿ, ಒಂದರ ಹಿಂದೆ ಒಂದು ಬರುವ ಕಾಯಿಲೆಯಲ್ಲಿ. ಇದಕ್ಕೆ ಅವರು ಕೊಟ್ಟ ಹೆಸರು “ಇಡಿಯಮ್ಸ್ ಆಫ್ ಡಿಸ್ಟ್ರೆಸ್”, ಸಂಕಟದ ನುಡಿಗಟ್ಟು ಅನ್ನಬಹುದು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲೂ ಈ ಕಲ್ಪನೆಗೆ ಜಾಗ ಸಿಕ್ಕಿತು. ನಮ್ಮ ಕರಾವಳಿಯ ಅಡುಗೆ ಮನೆಗಳಲ್ಲಿ ಕೂತು ಕೇಳಿಸಿಕೊಂಡ ಮಾತು ಅಷ್ಟು ದೂರ ಹೋಗಿದ್ದು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಅದೇ ನಿಕ್ಟರ್ ಮತ್ತು ಅವರ ಹೆಂಡತಿ, ಮಾನವಶಾಸ್ತ್ರಜ್ಞೆಯೇ ಆದ ಮಿಮಿ ನಿಕ್ಟರ್, ಮುಂದೆ ತಂಬಾಕಿನ ಕಡೆ ತಿರುಗಿದರು. ಕರ್ನಾಟಕದ ಕಾಲೇಜು ಹುಡುಗರು ಬೀಡಿ, ಸಿಗರೇಟು, ಗುಟ್ಕಾವನ್ನು ಹೇಗೆ ನೋಡುತ್ತಾರೆ ಅನ್ನುವ ಅವರ ಅಧ್ಯಯನ 2004ರಲ್ಲಿ ಬಂತು. ಭಾರತ ಮತ್ತು ಇಂಡೋನೇಷ್ಯಾದಲ್ಲಿ ತಂಬಾಕು ಬಿಡಿಸುವ ದೊಡ್ಡ ಯೋಜನೆಯೊಂದನ್ನು ಕಟ್ಟಿದರು. ಹೆಂಗಸರ ಸಂಕಟದಿಂದ ತಂಬಾಕಿಗೆ ಹೋಗಿದ್ದು ಬೇರೆ ದಾರಿ ಹಿಡಿದಂತೆ ಕಾಣಬಹುದು, ಆದರೆ ಕೇಳುವ ಪ್ರಶ್ನೆ ಒಂದೇ: ಈ ಮನುಷ್ಯ ಇದರ ಮೂಲಕ ಏನು ಹೇಳುತ್ತಿದ್ದಾನೆ?

ಹಾಗಂತ ಈ ಕೆಲಸ ಬರೀ ಕಥೆ ಕೇಳುವುದಲ್ಲ. ಲೆಕ್ಕವೂ ಬೇಕು. ಇಲ್ಲೇ ನಾನು ಸ್ವಲ್ಪ ನಿಲ್ಲುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿಯಿದೆ. ಕುಡಿತ ಅಪಾಯದ ಮಟ್ಟ ಮುಟ್ಟಿದೆಯೇ ಅಂತ ತಿಳಿಯಲು ಜಗತ್ತಿನಾದ್ಯಂತ ಬಳಸುತ್ತಾರೆ. ಒಟ್ಟು 8 ಅಂಕ ಬಂದರೆ ಎಚ್ಚರಿಕೆ. ಅದರಲ್ಲಿ ಒಂದು “ಡ್ರಿಂಕ್” ಅಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ಈಗ ಕಾರವಾರದ ಬಂದರಿನಲ್ಲಿ ಒಬ್ಬರನ್ನು ಕೇಳಿ, “ಕುಡಿದ ದಿನ ಎಷ್ಟು ಕುಡೀತೀರಿ?” ಅಂತ. “ಒಂದೇ” ಅನ್ನುತ್ತಾರೆ. ಒಂದು ಅಂದರೆ ಒಂದು ಕ್ವಾರ್ಟರ್. 180 ಎಂಎಲ್. ನಮ್ಮ ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ಶೇ 42.8. ಗುಣಿಸಿದರೆ 77 ಎಂಎಲ್, ತೂಕದಲ್ಲಿ ಸುಮಾರು 60 ಗ್ರಾಂ. ಅಂದರೆ ಅವರ “ಒಂದು” ಪಟ್ಟಿಯ ಆರು. ನೈಂಟಿ (90 ಎಂಎಲ್) ಹಾಕಿದವರದು ಮೂರು.

ದಿನಾ ಕ್ವಾರ್ಟರ್ ಹಾಕುವ ಒಬ್ಬರನ್ನು ತೆಗೆದುಕೊಳ್ಳಿ. ಎಷ್ಟು ಸಲ ಕುಡಿಯುತ್ತೀರಿ ಅನ್ನುವ ಮೊದಲ ಪ್ರಶ್ನೆಗೆ 4 ಅಂಕ. ಎರಡನೆಯದು ಎಷ್ಟು ಡ್ರಿಂಕ್ ಅಂತ. ಅವರು “ಒಂದು” ಅಂದಿದ್ದನ್ನು ಹಾಗೆಯೇ ಬರೆದುಕೊಂಡರೆ ಸೊನ್ನೆ. ಮೂರನೆಯದು, ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ? “ಅಯ್ಯೋ, ಆರೆಲ್ಲ ಇಲ್ಲ” ಅನ್ನುತ್ತಾರೆ, ಅದೂ ಸೊನ್ನೆ. ಮೂರೂ ಸೇರಿ 4. ಅದೇ ಬಾಟಲಿ ಅಳತೆ ಕೇಳಿ ಬರೆದುಕೊಂಡರೆ 4, 2, 4. ಒಟ್ಟು 10. ಉಳಿದ ಏಳು ಪ್ರಶ್ನೆ ಕೇಳುವ ಮೊದಲೇ ಅವರು ಗೆರೆ ದಾಟಿದರು. ಮನುಷ್ಯ ಅವರೇ, ಬಾಟಲಿ ಅದೇ. ಅದಕ್ಕೇ ಅನುಭವಿ ಸಂಶೋಧಕರು ಮೊದಲ ವಾರ ಪ್ರಶ್ನಾವಳಿ ಹೊರಗೇ ತೆಗೆಯುವುದಿಲ್ಲ. ಅಂಗಡಿಯಲ್ಲಿ ಯಾವ ಅಳತೆ ಜಾಸ್ತಿ ಹೋಗುತ್ತದೆ, ಜನ ಅದನ್ನು ಏನಂತ ಕರೆಯುತ್ತಾರೆ, ನೀರು ಎಷ್ಟು ಬೆರೆಸುತ್ತಾರೆ, ಇದನ್ನೆಲ್ಲ ನೋಡುತ್ತಾ ಕೂರುತ್ತಾರೆ.

ಕಾರವಾರದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಮದ್ಯ ಅಗ್ಗ. ಒಂದು ಗೆರೆಯ ಆಚೆ ಈಚೆ ಒಂದೇ ಬಾಟಲಿಗೆ ಬೇರೆ ಬೇರೆ ದರ ಇದ್ದರೆ ಕುಡಿಯುವವರ ಬದುಕು ಹೇಗೆ ಬದಲಾಗುತ್ತದೆ ಅನ್ನುವುದನ್ನು ಅಬಕಾರಿ ಲೆಕ್ಕ ನೋಡಿ ತಿಳಿಯಲಾಗುವುದಿಲ್ಲ. ಗೋವಾದಿಂದ ಬಂದಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ. ಮನೆಗೆ ಹೋಗಿ ಕೂತು ಕೇಳಬೇಕು. ಹಾಗೆಯೇ ಕಾನೂನು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಕಡಿಮೆ ದರದ ವಿಸ್ಕಿ, ಬ್ರಾಂದಿ ಬಂತು. 2013ರಲ್ಲಿ ಗುಟ್ಕಾ ನಿಂತಿತು. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಜೋಡಿಯಾಗಿ ಬಂತು, ಹುಡುಗರು ಅಂಗೈಯಲ್ಲಿ ಬೆರೆಸಿಕೊಂಡರು. ನಿಷೇಧ ಬೇಡ ಅಂತ ನಾನು ಹೇಳುತ್ತಿಲ್ಲ. ನಿಷೇಧವಾದ ಮರುದಿನ ಆ ಕೈ ಯಾವ ಕಡೆ ಚಾಚಿತು ಅಂತ ನೋಡುವವರು ಬೇಕು ಅನ್ನುತ್ತಿದ್ದೇನೆ.

ಸಾರಾಯಿ ಮಾತು ಬಂದಾಗ ಅಂಕೋಲೆಯ ಬಡಗೇರಿಯ ಸುಕ್ರಜ್ಜಿಯನ್ನು ನೆನೆಯಲೇಬೇಕು. ಹಾಲಕ್ಕಿ ಸಮುದಾಯದ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ತಮ್ಮೂರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಯಾವ ಡಿಗ್ರಿಯೂ ಇಲ್ಲದೆ ಅವರಿಗೆ ತಿಳಿದಿತ್ತು, ಇದು ಒಬ್ಬ ಮಗನ, ಒಬ್ಬ ಗಂಡನ ಸಮಸ್ಯೆಯಲ್ಲ, ಇಡೀ ಕೇರಿಯದು ಅಂತ.

ಅಡಿಕೆಯ ಬಗ್ಗೆ ಬರೆಯುವುದು ನನಗೆ ಕಷ್ಟ. ನನ್ನ ಕಾಲೇಜು ಫೀಸು ಕಟ್ಟಿದ್ದು ಅಡಿಕೆ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಖುಷಿಪಟ್ಟಿದ್ದೆವು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮೊದಲ ಗುಂಪಿಗೆ ಸೇರಿಸಿತು, ತಂಬಾಕು ಇಲ್ಲದಿದ್ದರೂ. ಮೊದಲ ಗುಂಪು ಅಂದರೆ ಎಷ್ಟು ಅಪಾಯ ಅನ್ನುವ ಅಳತೆಯಲ್ಲ, ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕ್ಷಿ ಎಷ್ಟು ಗಟ್ಟಿ ಅನ್ನುವ ಅಳತೆ. ಈ ವ್ಯತ್ಯಾಸ ತಿಳಿಯದೆ ಊರಲ್ಲಿ ತುಂಬಾ ಜಗಳ ಆಗಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ನರಗಳ ಮೇಲೆ ಕೆಲಸ ಮಾಡುತ್ತದೆ. ಅದಕ್ಕೇ ಹಾಕಿದ ಕೂಡಲೇ ಮೈ ಬೆಚ್ಚಗಾಗುತ್ತದೆ, ಚುರುಕು ಬರುತ್ತದೆ, ಬಿಟ್ಟರೆ ತಲೆ ಭಾರ. ವರ್ಷಗಟ್ಟಲೆ ಜಗಿದರೆ ಕೆಲವರಿಗೆ ಬಾಯಿಯೊಳಗಿನ ಚರ್ಮ ಬಿಗಿದು ಗಟ್ಟಿಯಾಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ತೂರಿಸಿ ನೋಡಿ. ಹೋಗದಿದ್ದರೆ ದಂತವೈದ್ಯರ ಹತ್ತಿರ ಹೋಗಲೇಬೇಕು.

ಆದರೆ ತೋಟದಲ್ಲಿ ಅಡಿಕೆ ಕೊನೆ ಕೊಯ್ಯಲು ಬಂದವರಿಗೆ ಚಾ ಜೊತೆ ಕವಳ ಕೊಡದೇ ಇರುವುದು ನಮ್ಮ ಮನೆಯಲ್ಲಿ ಅವಮಾನ ಮಾಡಿದ ಹಾಗೆ. ಅಲ್ಲಿ ಹೋಗಿ “ಕವಳ ಕ್ಯಾನ್ಸರ್ ತರುತ್ತದೆ” ಅಂತ ಭಿತ್ತಿಪತ್ರ ಹಂಚಿದರೆ ಯಾರು ಕೇಳುತ್ತಾರೆ? ಎಸಳನ್ನು ಮಾತ್ರ ಮೊದಲು ಬಿಡಲು ಸಾಧ್ಯವೇ, ತಬಕು ಮುಂದಿಡುವ ಮರ್ಯಾದೆಯನ್ನು ಬೇರೆ ಯಾವುದರಿಂದ ತೋರಿಸಬಹುದು, ಇದನ್ನು ಆ ಮನೆಯವರ ಜೊತೆಗೇ ಕೂತು ಯೋಚಿಸಬೇಕು. ಎಸಳು ಬಿಟ್ಟರೆ ಅಪಾಯ ಪೂರ್ತಿ ಹೋಗುವುದಿಲ್ಲ, ನಿಜ. ಕಡಿಮೆಯಂತೂ ಆಗುತ್ತದೆ.

ಈ ವೃತ್ತಿಗೆ ಬರುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಸಮಾಜಕಾರ್ಯ, ಸಮಾಜಶಾಸ್ತ್ರ, ಮನೋವಿಜ್ಞಾನ, ನರ್ಸಿಂಗ್, ಸಾರ್ವಜನಿಕ ಆರೋಗ್ಯ, ಯಾವ ಕಡೆಯಿಂದಲೂ ಬರಬಹುದು. ಆರಂಭದಲ್ಲಿ ಬೇರೆಯವರ ಯೋಜನೆಗೆ ಮಾಹಿತಿ ಸಂಗ್ರಹಿಸುವ ಕೆಲಸ, ಸಂಬಳ ಕಡಿಮೆ, ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಅದರಲ್ಲಿ ಕಲಿಯಬೇಕಾದ ದೊಡ್ಡ ಸಂಗತಿ ಒಪ್ಪಿಗೆ ಮತ್ತು ಗುಟ್ಟು. ಒಬ್ಬರು ಹೇಳಿದ್ದು ಪಕ್ಕದ ಮನೆಗೆ ಹೋಗಬಾರದು, ಹೆಸರು ಕಾಗದದ ಮೇಲೆ ಇರಬಾರದು. ಉತ್ತರ ಕನ್ನಡದಲ್ಲಿ ಭಾಷೆಯೂ ಕಲಿಯಬೇಕು. ಕನ್ನಡ ಒಂದೇ ಸಾಕಾಗುವುದಿಲ್ಲ, ಬಂದರಿನಲ್ಲಿ ಕೊಂಕಣಿ ಬೇಕೇ ಬೇಕು.

ಅಂಕಿ ಹೇಳಬೇಕೆಂದರೆ, ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಬಳಸುತ್ತಾರೆ. ಮದ್ಯಕ್ಕೆ ದಾಸರಾದವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಉಳಿದ 37 ಜನ ಎಲ್ಲಿದ್ದಾರೆ? ಮನೆಯಲ್ಲಿ. ಅವರನ್ನು ನೋಡಿಕೊಳ್ಳುತ್ತಿರುವವರು ಯಾರು? ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು: ದಿನಾ ಜಾಸ್ತಿ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಕೈ ನಡುಕ, ಬೆವರು, ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ, ಜೀವಕ್ಕೇ ಅಪಾಯ ಆಗಬಹುದು. ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 61 ದಿನ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಮಳೆ ಹೊಡೆಯುತ್ತಿರುತ್ತದೆ. ಅಂಥ ಒಂದು ಜುಲೈಯಲ್ಲಿ ಮೀನು ಮಾರುವ ಹೆಂಗಸೊಬ್ಬರ ಮನೆಯಲ್ಲಿ ಕೂತಿದ್ದೆ. ಗಂಡ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಸೀಸನ್‌ನಲ್ಲಿ ಪಾಲು ಸಿಕ್ಕ ದಿನ ಗೆಳೆಯರ ಜೊತೆ ಕುಡಿಯುತ್ತಾರೆ. ಮೈಕೈ ನೋವು, ನಿದ್ದೆಗೆಟ್ಟ ರಾತ್ರಿಗಳು, ಅದು ಅವರು ಹೇಳುವ ಕಾರಣ. ಮಳೆಗಾಲದಲ್ಲಿ ಕೈಯಲ್ಲಿ ದುಡ್ಡಿಲ್ಲ, ಆದರೂ ಕುಡಿತ ನಿಲ್ಲುವುದಿಲ್ಲ, ಸಾಲದಲ್ಲಿ ನಡೆಯುತ್ತದೆ. ಈಗ ಒಬ್ಬರೇ ಕುಡಿಯುತ್ತಾರೆ.

ನಾನು ಗಂಡನ ಬಗ್ಗೆ ಕೇಳಿದೆ. ಅವರು ತಮ್ಮ ನಿದ್ದೆಯ ಬಗ್ಗೆ ಹೇಳಿದರು. “ರಾತ್ರಿ ನಿದ್ದೆ ಬರೂದಿಲ್ಲ ಅಕ್ಕ. ಡಾಕ್ಟ್ರು ಗುಳಿಗೆ ಕೊಟ್ಟಿದ್ರು, ಅದ್ರಲ್ಲೂ ಬರೂದಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಾಗಿಲ ಕಡೆ ನೋಡಿದರು. “ಚಪ್ಪಲಿ ಬಿಡೂ ಸದ್ದಿಗೆ ಕಾಯ್ತೇನೆ. ಎರಡೂ ಒಟ್ಟಿಗೆ ಬಿಟ್ರೆ ಒಂದೇ ಕ್ವಾರ್ಟರು. ಒಂದು ಇಲ್ಲಿ, ಒಂದು ಅಲ್ಲಿ ಬಿದ್ರೆ ನಾನು ಮಕ್ಕಳನ್ನ ಒಳಗಿನ ಕೋಣೆಗೆ ಕರ್ಕೊಂಡು ಹೋಗ್ತೇನೆ.”

ಚಪ್ಪಲಿಯ ಸದ್ದನ್ನು ಬರೆದುಕೊಳ್ಳಲು ನನ್ನ ಪ್ರಶ್ನಾವಳಿಯಲ್ಲಿ ಚೌಕ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದೆ. ಅವರ ಅತ್ತೆ ಅಲ್ಲೇ ಒಲೆಯ ಹತ್ತಿರ ಒಣಮೀನು ಸುಡುತ್ತಿದ್ದರು, ಎಲ್ಲವನ್ನೂ ಕೇಳಿಸಿಕೊಂಡರು, ಒಂದು ಮಾತೂ ಆಡಲಿಲ್ಲ. ನಾನು ಹೊರಟಾಗ ಮಾತ್ರ ಮೆಟ್ಟಿಲವರೆಗೆ ಬಂದು ಕೊಂಕಣಿಯಲ್ಲಿ ಏನೋ ಹೇಳಿದರು, ಮಳೆಯ ಸದ್ದಿನಲ್ಲಿ ಪೂರ್ತಿ ತಿಳಿಯಲಿಲ್ಲ, ಅವರ ಗಂಡನ ಹೆಸರು ಮಾತ್ರ ಕೇಳಿಸಿತು. ಆಗಸ್ಟ್ 1ಕ್ಕೆ ಬೋಟುಗಳು ಹೊರಡುತ್ತವೆ. ಸೆಪ್ಟೆಂಬರಿನಲ್ಲಿ ಆ ಮನೆಗೆ ಇನ್ನೊಮ್ಮೆ ಹೋಗಬೇಕು. ಈ ಸಲ ಮೊದಲು ಅತ್ತೆಯ ಹತ್ತಿರ ಕೂರುತ್ತೇನೆ.